ಯೂನಿಯನ್ ಕಮಿಟಿಯಲ್ಲಿ ಯಾರಿಗೆ ಎಷ್ಟು ಸೀಟು? ಲೆಕ್ಕ ಹಾಕೋದು ಹೀಗೆ

[ಪರದೆ: ನರಸಾಪುರ ಕೈಗಾರಿಕಾ ಪ್ರದೇಶ. ಶಿಫ್ಟ್ ಬಿಟ್ಟ ಹೊತ್ತು, ಸಾಲುಗಟ್ಟಿ ನಿಂತ ಕಂಪನಿ ಬಸ್ಸುಗಳು]

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆಯ ಅಸೆಂಬ್ಲಿ ಲೈನುಗಳಲ್ಲಿ ಸಾಲು ಸಾಲು ಹೆಣ್ಣುಮಕ್ಕಳು ಕೆಲಸ ಮಾಡ್ತಾರೆ. ಅಂಥ ಫ್ಯಾಕ್ಟರಿಯಲ್ಲೂ ಯೂನಿಯನ್ ಬೋರ್ಡು ಓದಿದರೆ ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಖಜಾಂಚಿ ಮೂವರೂ ಗಂಡಸರು, ಮೂವರೂ ಕಾಯಂ, ಎಷ್ಟೋ ಸಲ ಮೂವರೂ ಒಂದೇ ಡಿಪಾರ್ಟ್‌ಮೆಂಟು. ಇದು ಯಾರೋ ಕೂತು ಹೂಡಿದ ಸಂಚೇ ಆಗಿರಬೇಕು ಅಂತಿಲ್ಲ. ಇಡೀ ಫ್ಯಾಕ್ಟರಿಗೆ ಒಂದೇ ಪಟ್ಟಿ ಇಟ್ಟು ಚುನಾವಣೆ ಮಾಡಿದರೆ ಹೀಗೇ ಆಗುತ್ತೆ. ಮೆಂಟೆನೆನ್ಸ್‌ನವರು ಶಿಫ್ಟ್ ಪೂರ್ತಿ ಎಲ್ಲಾ ಕಡೆ ಓಡಾಡ್ತಾರೆ, ಅವರ ಮುಖ ಎಲ್ಲರಿಗೂ ಗೊತ್ತು. ಲೈನ್ ಬಿಟ್ಟು ಕದಲೋಕಾಗದ ಹುಡುಗಿಯನ್ನ ಪಕ್ಕದ ಲೈನಿನವರೂ ಗುರುತು ಹಿಡಿಯಲ್ಲ. ವೋಟು ಯಾರಿಗೆ ಬೀಳುತ್ತೆ ಹೇಳಿ?

ಹಾಗಾಗಿ ಮಹಿಳಾ ದಿನಾಚರಣೆ ಭಾಷಣಕ್ಕಿಂತ ಮೊದಲು ಬೈಲಾ, ಅಂದರೆ ಯೂನಿಯನ್ ನಿಯಮಾವಳಿ ತೆಗೀರಿ, ಸದಸ್ಯತ್ವ ರಿಜಿಸ್ಟರ್ ತೆಗೀರಿ. ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ವಿಭಾಗ, ಶಿಫ್ಟ್, ಹೆಣ್ಣೋ ಗಂಡೋ, ಕಾಯಂ ಅಥವಾ ಗುತ್ತಿಗೆ, ಓದಲು ಬರುವ ಭಾಷೆ, ಇಷ್ಟು ಬೇಕು.

[ಪರದೆ: ಕೋಷ್ಟಕ, ಸಾಲುಗಳು ಒಂದೊಂದಾಗಿ ಬರಲಿ]

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸದಸ್ಯರು 600, ಕಾರ್ಯಕಾರಿ ಸಮಿತಿ 15 ಸೀಟು. 600ನ್ನು 15ರಿಂದ ಭಾಗಿಸಿದರೆ 40, ಅಂದರೆ 40 ಜನಕ್ಕೆ ಒಂದು ಸೀಟು. ಅಸೆಂಬ್ಲಿ 310 ಜನ, 7.75 ಬಂತು. ಮೆಷಿನ್ ಶಾಪ್ 120, ಸರಿಯಾಗಿ 3. ಪ್ಯಾಕಿಂಗ್ ಮತ್ತು ಸ್ಟೋರ್ಸ್ 90, 2.25. ಮೆಂಟೆನೆನ್ಸ್ 50, 1.25. ಹೌಸ್‌ಕೀಪಿಂಗ್ ಮತ್ತು ಕ್ಯಾಂಟೀನ್ 30, 0.75. ಮೊದಲು ಪೂರ್ಣ ಸಂಖ್ಯೆ ಮಾತ್ರ ಕೊಡಿ: 7, 3, 2, 1, ಸೊನ್ನೆ. ಒಟ್ಟು 13. ಉಳಿದ ಎರಡು ಸೀಟು ಪಾಯಿಂಟಿನ ನಂತರದ ಶೇಷ ದೊಡ್ಡದಿರೋರಿಗೆ, ಅಂದರೆ ಅಸೆಂಬ್ಲಿಗೊಂದು, ಹೌಸ್‌ಕೀಪಿಂಗ್‌ಗೊಂದು.

ಎಡವೋದು ಇಲ್ಲೇ. "ಪಾಯಿಂಟ್ ಲೆಕ್ಕ ಬಿಡಿ" ಅಂದುಬಿಟ್ಟರೆ ಹೌಸ್‌ಕೀಪಿಂಗ್ ಸೊನ್ನೆಗೆ ನಿಲ್ಲುತ್ತೆ. ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 30. ಪೊರಕೆ ಹಿಡಿಯೋ ಕೆಲಸಕ್ಕೆ ಹೆಚ್ಚಾಗಿ ಯಾರು ಬರ್ತಾರೆ ಅನ್ನೋದು ಹೇಳಬೇಕಿಲ್ಲ. ಫಾರ್ಮಿನಲ್ಲಿ ಜಾತಿ ಕೇಳದೆಯೇ ಆ ಒಂದು ಸೀಟು ಬಹಳ ಕೆಲಸ ಮಾಡುತ್ತೆ.

ಆದರೆ ಬೈಲಾದ ಸದಸ್ಯತ್ವ ಕಲಮಿನಲ್ಲಿ "ಕಾಯಂ ನೌಕರರು ಮಾತ್ರ" ಅಂತ ಇದ್ದರೆ ಗುತ್ತಿಗೆಯವರು ಲೆಕ್ಕಕ್ಕೇ ಬರಲ್ಲ. ಆ ಸಾಲು ಹೊಡೆದುಹಾಕಿ. ಕಾನೂನು ಕೇಳೋದು ಆ ಸಂಸ್ಥೆಯಲ್ಲಿ ಅಥವಾ ಉದ್ಯಮದಲ್ಲಿ ನಿಜವಾಗಿ ದುಡಿಯುತ್ತಿರಬೇಕು ಅಂತಷ್ಟೇ.

ಇನ್ನು ಹೆಣ್ಣುಮಕ್ಕಳ ಪಾಲು. 600ರಲ್ಲಿ 390 ಮಂದಿ ಮಹಿಳೆಯರಾದರೆ ನೂರಕ್ಕೆ 65. ಹದಿನೈದರಲ್ಲಿ 9.75, ಅಂದರೆ 10 ಸೀಟು. ಯಾವ ವಿಭಾಗದ ಯಾವ ಸೀಟು ಮಹಿಳೆಗೆ ಅನ್ನೋದು ನಾಮಪತ್ರಕ್ಕೆ ಮೊದಲೇ ನೋಟಿಸಿನಲ್ಲಿ ಬರಲಿ. ಸೂಚಕರು, ಅನುಮೋದಕರು ಅದೇ ವಿಭಾಗದವರಾಗಿರಲಿ, ಮತದಾನ ಗುಪ್ತವಾಗಿರಲಿ. "ಯಾರೂ ನಿಲ್ಲಲಿಲ್ಲ, ಗಂಡಸರಿಗೆ ಕೊಟ್ಟೆವು" ಅನ್ನೋದು ಹಳೇ ದಾರಿ. ಅದನ್ನ ಮುಚ್ಚಿ: ಸೀಟು ಖಾಲಿ ಉಳಿದರೆ 60 ದಿನದೊಳಗೆ ಮರುಚುನಾವಣೆ ಅಂತ ಬೈಲಾದಲ್ಲೇ ಬರೀರಿ.

[ಪರದೆ: ಮಾತುಕತೆಯ ಮೇಜು, ಐದು ಕುರ್ಚಿ]

ಸಮಿತಿಯಲ್ಲಿ ಹತ್ತು ಮಂದಿ ಮಹಿಳೆಯರಿದ್ದು, ಮ್ಯಾನೇಜ್‌ಮೆಂಟ್ ಜೊತೆ ಮಾತಾಡೋ ಐವರಲ್ಲಿ ಒಬ್ಬರೂ ಇಲ್ಲದಿದ್ದರೆ ಏನು ಪ್ರಯೋಜನ? ನನ್ನ ಕೇಳಿದರೆ ಅಸಲಿ ಸಮಿತಿ ಆ ಐವರೇ. ರಾತ್ರಿ ಹತ್ತು ಗಂಟೆಗೆ ಕೊಡು–ಕೊಳ್ಳು ಶುರುವಾದಾಗ ಮೊದಲು ಕೈಬಿಡೋದು ಬೇಡಿಕೆ ಪಟ್ಟಿಯ ಕೊನೆಯ ಸಾಲುಗಳನ್ನ: ಟಾಯ್ಲೆಟ್ಟಿಗೆ ಹೋದಾಗ ಲೈನಿಗೆ ಬದಲಿ ಆಳು, ಶಿಶುಪಾಲನಾ ಕೇಂದ್ರ, ಹಾಸ್ಟೆಲ್ ಬಸ್ಸಿನ ಸಮಯ. ಐವರಲ್ಲಿ ಮೂವರು ಮಹಿಳೆಯರು, ಕನಿಷ್ಠ ಒಬ್ಬರು ಗುತ್ತಿಗೆಯವರು ಅಂತ ನಿಯಮ ಮಾಡಿ. ಬ್ಯಾಂಕ್ ಚೆಕ್ಕಿಗೆ ಸಹಿ ಹಾಕೋರಲ್ಲೂ ಒಬ್ಬ ಮಹಿಳೆ ಇರಲಿ. "ಮಹಿಳಾ ಕಾರ್ಯದರ್ಶಿ" ಅನ್ನೋ ಹುದ್ದೆ ಕೊಟ್ಟು ಹೂವಿನ ಹಾರದ ಜವಾಬ್ದಾರಿ ಒಪ್ಪಿಸೋದು ಪ್ರಾತಿನಿಧ್ಯ ಅಲ್ಲ.

ಇದು ಬರೀ ನ್ಯಾಯದ ಮಾತೂ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ, ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದ ಕಡೆ ಮಸ್ಟರ್ ರೋಲಿನಲ್ಲಿರೋ (ಹಾಜರಿ ಪಟ್ಟಿಯಲ್ಲಿರೋ) ಕಾರ್ಮಿಕರ ಪೈಕಿ ನೂರಕ್ಕೆ 51 ಅಥವಾ ಹೆಚ್ಚು ಮಂದಿಯ ಬೆಂಬಲ ಇರೋ ಯೂನಿಯನ್ನೇ ಮ್ಯಾನೇಜ್‌ಮೆಂಟ್ ಜೊತೆ ಮಾತಾಡೋ ಏಕೈಕ ಮಾತುಕತೆ ಸಂಘ. ಲೈನಿನ ಹೆಣ್ಣುಮಕ್ಕಳನ್ನ ಬಿಟ್ಟು ಆ 51 ಎಲ್ಲಿಂದ ತರ್ತೀರಿ? ಅದೇ ಸಂಹಿತೆಯಲ್ಲಿ, 20 ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ. ಗರಿಷ್ಠ 10 ಸದಸ್ಯರು, ಮಾಲೀಕರ ಕಡೆ, ಕಾರ್ಮಿಕರ ಕಡೆ ಸಮಸಮ. ಮಹಿಳಾ ಕಾರ್ಮಿಕರ ಪ್ರಾತಿನಿಧ್ಯ ಫ್ಯಾಕ್ಟರಿಯಲ್ಲಿ ಅವರಿರೋ ಅನುಪಾತಕ್ಕಿಂತ ಕಡಿಮೆ ಇರಬಾರದು. ನಮ್ಮ ಉದಾಹರಣೆಯ 65ರ ಲೆಕ್ಕ ಹಿಡಿದರೆ ಕಾರ್ಮಿಕರ ಕಡೆಯ ಐವರಲ್ಲಿ ನಾಲ್ವರಾದರೂ ಮಹಿಳೆಯರನ್ನ ಕಳಿಸಿ.

ಸಭೆಯ ವಿಷಯಕ್ಕೆ ಬಂದರೆ, ಭಾನುವಾರ ಕೋಲಾರ ಟೌನಿನಲ್ಲಿ ಮಹಾಸಭೆ ಕರೆದರೆ ಶ್ರೀನಿವಾಸಪುರದ ಹಳ್ಳಿಯಿಂದ ಬರೋಳು ಬರಲ್ಲ, ರಾತ್ರಿ ಶಿಫ್ಟ್ ಮುಗಿಸಿದೋಳು ಮಲಗಿರ್ತಾಳೆ. ಒಂದೇ ಅಜೆಂಡಾದ ಸಭೆಯನ್ನ ಶಿಫ್ಟಿಗೊಂದರಂತೆ ನಡೆಸಿ, ಕೊನೆಗೆ ಮತ ಒಟ್ಟು ಮಾಡಿ. ನೋಟಿಸು ಕನ್ನಡದ ಜೊತೆ ಹಿಂದಿಯಲ್ಲೂ ಇರಲಿ. ಮುಳಬಾಗಿಲು ಕಡೆಯವರಿಗೆ ತೆಲುಗಿನಲ್ಲಿ ಬಾಯಿಮಾತಲ್ಲಿ ವಿವರಿಸಿದರೆ ಸಾಕು.

[ಪರದೆ: ಬೈಲಾ ತಿದ್ದುಪಡಿಯ ಪ್ರತಿ, ಸ್ವೀಕೃತಿ ಮುದ್ರೆ]

ಇದೆಲ್ಲ ಬೈಲಾಕ್ಕೆ ಸೇರಬೇಕಾದರೆ ತಿದ್ದುಪಡಿಗೆ ನಿಮ್ಮ ಬೈಲಾದಲ್ಲೇ ಇರೋ ವಿಧಾನ ಪಾಲಿಸಿ: ಎಷ್ಟು ದಿನದ ನೋಟಿಸು, ಎಷ್ಟು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಎಷ್ಟು ಬಹುಮತ. ಮಹಾಸಭೆ ಒಪ್ಪಿದ ಮೇಲೆ 15 ದಿನದೊಳಗೆ ಅದರ ಪ್ರತಿ ಕಾರ್ಮಿಕ ಸಂಘಗಳ ರಿಜಿಸ್ಟ್ರಾರ್‌ಗೆ ಹೋಗಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಮುಂದೆ ಸೋತವರು ಚುನಾವಣೆಯನ್ನ ಪ್ರಶ್ನಿಸಿದರೆ ಮೊದಲು ಕೇಳೋದು ಆ ಕಾಗದವನ್ನೇ.