ಸೈಕಲ್ ಹೋಯಿತು, ಸೊಪ್ಪು ಉಳಿಯಿತು

ನಮಸ್ಕಾರ. ತೈಲದ ಬರ ಎಂದೊಡನೆ ಕೆಲವರು ಇನ್ನೇನು ಎಲ್ಲ ಮುಗಿಯಿತು ಎಂದು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಅವರೊಡನೆ ನನಗೆ ಜಗಳವಿಲ್ಲ. ಜಗಳವಿರುವುದು, "ಕ್ಯೂಬಾ ನೋಡಿ, ಪೆಟ್ರೋಲ್ ಇಲ್ಲದೆ ಎಷ್ಟು ಚೆನ್ನಾಗಿ ಬದುಕಿತು" ಎಂದು ಕಣ್ಣರಳಿಸುವವರೊಡನೆ. ಅವರು ಹೇಳುವ ಕಥೆಯಲ್ಲಿ ಹಸಿವು ಎಂಬುದೇ ಇರುವುದಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಲ್ಲಿಗೆ ಸಕ್ಕರೆ ಕಳಿಸಿ ಅಗ್ಗದ ತೈಲ ತರಿಸಿಕೊಳ್ಳುತ್ತಿದ್ದ ಕ್ಯೂಬಾದ ಕಾಲಡಿಯ ನೆಲವೇ ಕುಸಿಯಿತು. ಕೆಲವೇ ವರ್ಷಗಳಲ್ಲಿ ದೇಶದ ಆರ್ಥಿಕತೆ ಮೂರನೇ ಒಂದರಷ್ಟು ಕುಗ್ಗಿತು. ಸರ್ಕಾರ ಆ ದಿನಗಳಿಗೆ 'ಶಾಂತಿಕಾಲದ ವಿಶೇಷ ಅವಧಿ' ಎಂದು ಹೆಸರಿಟ್ಟಿತು. ಸಂಕಟಕ್ಕೆ ಚಂದದ ಹೆಸರಿಡುವುದರಲ್ಲಿ ಎಲ್ಲ ಸರ್ಕಾರಗಳೂ ಒಂದೇ. ಜನ ಸೊರಗಿದರು. ಪೋಷಕಾಂಶಗಳ ಕೊರತೆಯಿಂದ ಕಣ್ಣಿನ ನರಕ್ಕೆ, ಕೈಕಾಲಿನ ನರಗಳಿಗೆ ಪೆಟ್ಟು ಬಿದ್ದವರೇ 50 ಸಾವಿರಕ್ಕೂ ಹೆಚ್ಚು. 1994ರ ಆಗಸ್ಟ್‌ನಲ್ಲಿ ರಾಜಧಾನಿ ಹವಾನಾದ ಜನ ಬೀದಿಗಿಳಿದರು. ಟೈರಿನ ಟ್ಯೂಬು, ಹಲಗೆ, ಡ್ರಮ್ಮು ಕಟ್ಟಿಕೊಂಡು ಅಮೆರಿಕದ ಫ್ಲಾರಿಡಾದ ಕಡೆಗೆ ಕಡಲಿಗಿಳಿದವರು 30 ಸಾವಿರಕ್ಕೂ ಮಿಕ್ಕಿ. ಈ ಲೆಕ್ಕವನ್ನು ಮೊದಲು ಒಪ್ಪಿಸಿಬಿಟ್ಟರೆ ಮುಂದಿನ ಒಳ್ಳೆಯ ಮಾತು ಆಡುವುದಕ್ಕೆ ಬಾಯಿ ಬರುತ್ತದೆ.

ಓಡಾಟಕ್ಕೆ ಏನು ಮಾಡಿದರು? ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿದರು. ಲಾರಿಯ ಎಂಜಿನ್ನಿಗೆ ಉದ್ದನೆಯ ಗಾಡಿ ಜೋಡಿಸಿ, ಒಂದೊಂದರಲ್ಲಿ 200ಕ್ಕೂ ಹೆಚ್ಚು ಜನರನ್ನು ತುಂಬಿದರು. ಎರಡು ಡುಬ್ಬವಿದ್ದ ಆ ಬಸ್ಸನ್ನು ಜನ 'ಒಂಟೆ' ಎಂದು ಕರೆದರು. ನನಗೆ ಹಿಡಿಸಿದ್ದು ಇನ್ನೊಂದು ಏರ್ಪಾಡು. ಹಳದಿ ಸಮವಸ್ತ್ರದ ನೌಕರರು ಹೆದ್ದಾರಿಯ ಬದಿಯಲ್ಲಿ ನಿಂತು, ಖಾಲಿ ಹೋಗುವ ಸರ್ಕಾರಿ ವಾಹನಗಳಿಗೆ ಕೈ ಅಡ್ಡ ಹಾಕಿ, ಕಾದು ನಿಂತವರನ್ನು ಸರದಿಯ ಪ್ರಕಾರ ಹತ್ತಿಸುತ್ತಿದ್ದರು. ಸಾಹೇಬರ ಕಾರೂ ನಿಲ್ಲಲೇಬೇಕು! ನಮ್ಮಲ್ಲಿ 2017ರವರೆಗೆ ಮೆರೆದ ಸಾಹೇಬರ ಕೆಂಪುದೀಪದ ಕಾರುಗಳನ್ನು ಕಂಡವರಿಗೆ ಇದರ ರುಚಿ ಗೊತ್ತಾಗುತ್ತದೆ.

ಆಮೇಲೆ ಏನಾಯಿತು? 2000ದಿಂದ ವೆನೆಜುವೆಲಾದ ತೈಲ ಬರತೊಡಗಿತು. ಸೈಕಲ್ಲುಗಳು ಮೂಲೆ ಸೇರಿದವು. 2008ರ ಹೊತ್ತಿಗೆ ಹವಾನಾದ ಒಂಟೆಗಳೂ ಹೋಗಿ ಚೀನಾದ ಹೊಸ ಬಸ್ಸುಗಳು ಬಂದವು.

ಇದರಲ್ಲಿ ಕ್ಯೂಬಾದವರ ತಪ್ಪೇನೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಕರಾವಳಿಯ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಬಸ್ಸಿಗೆ ಕಟ್ಟಿದ ಡ್ರಮ್ಮಿಗೆ ಇದ್ದಿಲು ತುಂಬಬೇಕು, ತಿದಿ ತಿರುಗಿಸಿ ಕೆಂಡ ಮಾಡಬೇಕು, ಗ್ಯಾಸ್ ಏಳುವ ತನಕ ಕಾಯಬೇಕು. ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಪ್ರಯಾಣಿಕರೇ ಇಳಿದು ನೂಕಬೇಕು. ಪೆಟ್ರೋಲ್ ಮತ್ತೆ ಸಿಕ್ಕಿದ ಮೇಲೆ ಆ ಡ್ರಮ್ಮನ್ನು ಯಾರು ತಾನೇ ಇಟ್ಟುಕೊಂಡಾರು? ಬರೀ ಸಹಿಸಿಕೊಂಡದ್ದನ್ನು ಜನ ಕಷ್ಟ ಕಳೆದ ದಿನವೇ ಕೈಬಿಡುತ್ತಾರೆ.

ಆದರೆ ಹವಾನಾದ ತರಕಾರಿ ತೋಟಗಳು ಸೈಕಲ್ಲಿನ ದಾರಿ ಹಿಡಿಯಲಿಲ್ಲ. ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲ, ಹೊಲಕ್ಕೆ ಗೊಬ್ಬರವಿಲ್ಲ, ಬೆಳೆದದ್ದನ್ನು ಪಟ್ಟಣಕ್ಕೆ ತರಲು ಲಾರಿಯಿಲ್ಲ. ಹಾಗಾದರೆ ಪಟ್ಟಣದೊಳಗೇ ಬೆಳೆಯೋಣ ಎಂದರು. ಪಾಳುಬಿದ್ದ ಖಾಲಿ ನಿವೇಶನಗಳಲ್ಲಿ ಸಿಮೆಂಟು, ಹಂಚು, ಕಲ್ಲು, ಸಿಕ್ಕಿದ್ದರಿಂದ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಒಳಗೆ ಮಣ್ಣು, ಎರೆಗೊಬ್ಬರ ತುಂಬಿ ಮಡಿ ಮಾಡಿದರು. ಹವಾನಾದ ಪೂರ್ವಕ್ಕೆ ಅಲಾಮಾರ್ ಎಂಬ ಬಡಾವಣೆಯಿದೆ. ಸೋವಿಯತ್ ಮಾದರಿಯ ಬೋಳು ಕಾಂಕ್ರೀಟ್ ವಸತಿ ಸಮುಚ್ಚಯಗಳ ಸಾಲು. ಅಲ್ಲಿ 1997ರಲ್ಲಿ ಐದು ಜನ ಸೇರಿ ತೆರೆದ ಸಹಕಾರಿ ತೋಟ ಬೆಳೆದು ಬೆಳೆದು ಸುಮಾರು 11 ಹೆಕ್ಟೇರಿಗೆ ಹಬ್ಬಿ, 150ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತು. ಕೀಟ ಓಡಿಸಲು ಬೇವು, ಚೆಂಡುಹೂವು. ಬೆಳಿಗ್ಗೆ ಕಿತ್ತ ಸೊಪ್ಪು ಅಲ್ಲೇ ಗೇಟಿನ ಬಳಿ ಮಾರಾಟ. ಲಾಭ ಸದಸ್ಯರಿಗೆ ಪಾಲು.

ಗುಟ್ಟಿರುವುದು ಆ ಪಾಲಿನಲ್ಲಿ ಎಂದು ನನ್ನ ವಾದ. ದೊಡ್ಡ ಸರ್ಕಾರಿ ಹೊಲಗಳನ್ನು 1993ರಲ್ಲಿ ಒಡೆದು ಸಹಕಾರಿ ಸಂಘಗಳ ಕೈಗೆ ಕೊಟ್ಟರು. ಖಾಲಿ ಜಾಗವನ್ನು ಬೆಳೆಯುವವರಿಗೆ ಅನುಭೋಗಕ್ಕೆ ಬಿಟ್ಟರು. 1994ರಲ್ಲಿ ರೈತರ ಸಂತೆಗಳನ್ನು ಮತ್ತೆ ತೆರೆದರು. ಮಾರುವ ಹಕ್ಕು ಸಿಕ್ಕಿದ ಮೇಲೆ ಗುದ್ದಲಿ ಹಿಡಿಯಲು ಯಾರೂ ಭಾಷಣ ಮಾಡಬೇಕಾಗಲಿಲ್ಲ. ಇನ್ನೊಂದು ಪುಣ್ಯವೆಂದರೆ, ಕೀಟಗಳನ್ನು ಜೈವಿಕವಾಗಿ ಹತೋಟಿಗೆ ತರುವ ಕೆಲಸವನ್ನು ಅಲ್ಲಿನ ವಿಜ್ಞಾನಿಗಳು 1980ರ ದಶಕದಲ್ಲೇ ಶುರುಮಾಡಿದ್ದರು. ಎತ್ತು ಪಳಗಿಸಬಲ್ಲ ಮುದುಕರೂ ಇನ್ನೂ ಬದುಕಿದ್ದರು. ಬರ ಬಂದ ಮೇಲೆ ಕಲಿಯಲು ಕೂತಿದ್ದರೆ ಹಸಿವು ಇನ್ನೂ ಲಂಬಿಸುತ್ತಿತ್ತು. ಇಷ್ಟಾದರೂ ಕ್ಯೂಬಾ ಇವತ್ತಿಗೂ ತನ್ನ ಆಹಾರದ ಬಹುಪಾಲನ್ನು ಹೊರಗಿನಿಂದಲೇ ತರಿಸುತ್ತದೆ. ತೋಟಗಳು ಸೊಪ್ಪು ತರಕಾರಿ ಕೊಟ್ಟವು, ಅಕ್ಕಿ ಗೋಧಿ ಕೊಡಲಿಲ್ಲ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಬೆಂಗಳೂರಿನ ತಟ್ಟೆಗೆ ಕೋಲಾರದ ಟೊಮೆಟೊ ಬರುವುದು ಡೀಸೆಲ್ ಮೇಲೆ. ಹಾಗೆಂದು ನಾಳೆಯಿಂದ ಎಲ್ಲರೂ ಸೈಕಲ್ ತುಳಿಯಿರಿ ಎಂದು ನಾನು ಹೇಳುವುದಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಸೈಕಲ್ ತುಳಿಯಿರಿ ಎನ್ನಲು ಮನಸ್ಸು ಬರಬೇಡವೇ? ನಾನು ಕೇಳುವುದು ಚಿಕ್ಕದು. ಬಡಾವಣೆಗಳಲ್ಲಿ ಕಟ್ಟಡದ ಅವಶೇಷ ಸುರಿಸಿಕೊಂಡು ಬಿದ್ದಿರುವ ಸಿ.ಎ. ನಿವೇಶನಗಳು, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗಗಳು, ಇವೆಯಲ್ಲ, ಅವುಗಳಲ್ಲಿ ಕೆಲವನ್ನು ಪಕ್ಕದ ಬೀದಿಯ ಸ್ತ್ರೀಶಕ್ತಿ ಸಂಘಗಳಿಗೆ ಹತ್ತು ವರ್ಷಕ್ಕೆ ಬರೆದುಕೊಡಿ. ನೀರಿನ ಸಂಪರ್ಕ ಕೊಡಿ. ಗೇಟಿನಲ್ಲೇ ಮಾರಲು ಬಿಡಿ, ಹಣ ಬೆಳೆದವರಿಗೇ ಸೇರಲಿ. ಉದ್ಘಾಟನೆಗೆ ಶಾಸಕರ ಹೆಸರಿನ ಕಲ್ಲು ಬೇಕೇ ಬೇಕೆಂದರೆ ಅದನ್ನೂ ನೆಡಲಿ, ಆದರೆ ಮಡಿಯ ಮಧ್ಯೆ ಬೇಡ.