ಅಶ್ವಶಕ್ತಿ ಆಮೇಲೆ, ಮೊದಲು ಟೈರು

ನಮಸ್ಕಾರ. ಟರ್ಬೊ ಕಾರನ್ನು, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರವಿರುವ ಕಾರನ್ನು, ಡ್ರ್ಯಾಗ್ ರೇಸಿಗೆ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಪಂದ್ಯಕ್ಕೆ) ಸಜ್ಜುಗೊಳಿಸಲು ಹೊರಟವರು ಗ್ಯಾರೇಜಿಗೆ ಕಾಲಿಟ್ಟ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಅಶ್ವಶಕ್ತಿ ತೆಗೆಯಬಹುದು? ಕೆಲಸ ದಾರಿ ತಪ್ಪುವುದೇ ಈ ಪ್ರಶ್ನೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿನ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಬಂದ ಅಂಕಿ ಯಾರನ್ನೂ ಗೆಲ್ಲಿಸುವುದಿಲ್ಲ. ಗೆಲ್ಲಿಸುವುದು ಗೆರೆಯಿಂದ ಗೆರೆಗೆ ಹಿಡಿದ ಸಮಯ. ಇವೆರಡರ ನಡುವೆ ನಾವು ಅಂದುಕೊಂಡಷ್ಟು ಹತ್ತಿರದ ಸಂಬಂಧವಿಲ್ಲ.

ಲೆಕ್ಕ ನೋಡಿ. ಕಾಲು ಮೈಲಿ ಎಂದರೆ 1320 ಅಡಿ, ಅಂದರೆ 402 ಮೀಟರ್. ಕಾರಿನ ತೂಕವನ್ನು ಅದರ ಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲ ತೆಗೆದರೆ, ಆ ದೂರಕ್ಕೆ ತಗಲುವ ಸಮಯ ಸ್ಥೂಲವಾಗಿ ಅದರ ಅನುಪಾತದಲ್ಲೇ ಇರುತ್ತದೆ. ಡ್ರ್ಯಾಗ್ ರೇಸಿನವರು ಬಹುಕಾಲದಿಂದ ನೆಚ್ಚಿಕೊಂಡಿರುವ ಅಂದಾಜು ಇದು. ಘನಮೂಲ ಎಂಬಲ್ಲೇ ಇಡೀ ವಿಷಯ ಅಡಗಿದೆ. ಸಮಯವನ್ನು ಶೇ 10ರಷ್ಟು ಇಳಿಸಬೇಕಾದರೆ ಶಕ್ತಿಯನ್ನು ಶೇ 37ರಷ್ಟು ಏರಿಸಬೇಕು. ಶಕ್ತಿಯನ್ನು ದುಪ್ಪಟ್ಟು ಮಾಡಿದರೂ 14 ಸೆಕೆಂಡಿನ ಕಾರು 11ರ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಅದೂ ಕೂಡ ಬಂದ ಶಕ್ತಿಯೆಲ್ಲ ನೆಲಕ್ಕೆ ಇಳಿದರೆ. ಇಳಿಯುವುದಿಲ್ಲ ಎಂಬುದೇ ನಮ್ಮ ಕಾರುಗಳ ಕಷ್ಟ.

ಒಂದು ನಿಜವಾದ ಕಾರನ್ನೇ ಎದುರಿಗಿಟ್ಟುಕೊಳ್ಳೋಣ. 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ಎರಡು ಲೀಟರ್ ಟರ್ಬೊ ಎಂಜಿನ್, 230 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ) ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಮ್ಯಾಪ್, ಅಂದರೆ ಅದರೊಳಗಿನ ಸೆಟ್ಟಿಂಗುಗಳನ್ನು, ಬದಲಿಸಿದರೆ ಸಾಕು, 290ರ ಆಸುಪಾಸಿಗೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಕಾರಿನಲ್ಲಿ ಬರುವ ದೊಡ್ಡ ಟರ್ಬೊ ಕೂರಿಸಿದರೆ ಅದಕ್ಕೂ ಮೇಲೆ. ಆದರೆ ಈ ಕಾರು ಎಳೆಯುವುದು ಮುಂದಿನ ಚಕ್ರಗಳಿಂದ. ಕಾರು ಜೋರಾಗಿ ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮೂತಿ ಮೇಲೇಳುತ್ತದೆ, ಎಳೆಯಬೇಕಾದ ಚಕ್ರಗಳ ಮೇಲಿನ ಒತ್ತಡವೇ ಕಡಿಮೆಯಾಗುತ್ತದೆ. ಹೆಚ್ಚು ಎಳೆದಷ್ಟೂ ಹಿಡಿತ ಕಡಿಮೆ. ಇಂಥ ಕಾರಿಗೆ ಇನ್ನೂ 100 ಅಶ್ವಶಕ್ತಿ ಸೇರಿಸಿ ಗೆರೆಗೆ ತಂದರೆ ಮೊದಲ ಗೇರು ಪೂರ್ತಿ ಹೊಗೆಯಲ್ಲೇ ಮುಗಿಯುತ್ತದೆ.

ಇದನ್ನು ತೋರಿಸಿಕೊಡುವುದು ಓಟ ಮುಗಿದ ಮೇಲೆ ಕೈಗೆ ಬರುವ ಸಮಯದ ಚೀಟಿ. ಎಲ್ಲರೂ ಕೊನೆಯ ಸಾಲು ಓದಿ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಮೇಲಿನ ಸಾಲುಗಳನ್ನು ಓದಿ. ಗೆರೆಯಿಂದ ಮೊದಲ 60 ಅಡಿ ದಾಟಲು ಎಷ್ಟು ಹೊತ್ತಾಯಿತು ಎಂದು ಅಲ್ಲಿ ಇರುತ್ತದೆ. ಆಮೇಲೆ 330 ಅಡಿ, 660 ಅಡಿ, 1000 ಅಡಿ, ಕೊನೆಯಲ್ಲಿ 1320. ಜೊತೆಗೆ ಗೆರೆ ದಾಟುವಾಗಿನ ವೇಗ. ಈ ವೇಗ ನಿಮ್ಮ ಎಂಜಿನ್ನಿನ ಶಕ್ತಿಯನ್ನು ಹೇಳುತ್ತದೆ, ಸಮಯ ನಿಮ್ಮ ಹಿಡಿತವನ್ನು ಹೇಳುತ್ತದೆ. ಎರಡು ಕಾರುಗಳು ಕೊನೆಯ ಗೆರೆಯನ್ನು ಒಂದೇ ವೇಗದಲ್ಲಿ ದಾಟಿ, ಒಂದು 12.4 ಸೆಕೆಂಡಿಗೂ ಇನ್ನೊಂದು 13.1 ಸೆಕೆಂಡಿಗೂ ಬಂದರೆ, ಎರಡರ ಎಂಜಿನ್ನೂ ಹೆಚ್ಚುಕಡಿಮೆ ಸಮ. ಎರಡನೆಯವರು ಸೋತದ್ದು ಮೊದಲ 60 ಅಡಿಯಲ್ಲಿ. ಅಲ್ಲಿ ಉಳಿಸಿದ ಒಂದು ಹತ್ತಾಂಶ ಸೆಕೆಂಡು ಕೊನೆಯ ಗೆರೆಯ ಹೊತ್ತಿಗೆ ಒಂದೂವರೆ ಹತ್ತಾಂಶವೋ ಎರಡೋ ಆಗಿರುತ್ತದೆ.

ಇಲ್ಲಿ ಅಮೆರಿಕದ ವಿಡಿಯೊ ನೋಡಿ ಕಲಿತವರಿಗೆ ಒಂದು ಮಾತು. ಅಲ್ಲಿನ ಡ್ರ್ಯಾಗ್ ಪಟ್ಟಿಗಳ ಮೇಲೆ ಅಂಟಿನಂಥ ದ್ರಾವಣ ಸಿಂಪಡಿಸಿ, ರಬ್ಬರ್ ಹಾಸಿ ಹದ ಮಾಡಿರುತ್ತಾರೆ. ಶೂ ಹಾಕಿಕೊಂಡು ನಡೆದರೆ ಅಡಿಭಾಗ ನೆಲಕ್ಕೆ ಅಂಟುತ್ತದೆ. ನಾವು ಓಡಿಸುವುದು ಹೆಚ್ಚಾಗಿ ವಿಮಾನದ ರನ್‌ವೇ ಮೇಲೆ. ಧೂಳು, ಸಣ್ಣ ಜಲ್ಲಿ, ಬಿಸಿಲಿಗೆ ಒಣಗಿದ ಡಾಂಬರು. ಅವರ ಹದವನ್ನು ಇಲ್ಲಿ ನಕಲು ಮಾಡಿದರೆ ಫಲವಿಲ್ಲ. ನಮಗೆ ಬೇಕಾದದ್ದು ಒಳ್ಳೆಯ ಮೃದು ರಬ್ಬರಿನ ಟೈರು, ಎಂಜಿನ್ನು ಅಲುಗಾಡದಂತೆ ಹಿಡಿಯುವ ಗಟ್ಟಿ ಮೌಂಟು, ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಬಲ ಕಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಇವೆಲ್ಲಕ್ಕಿಂತ ಮುಖ್ಯವಾಗಿ, ಗೇರಿಗೆ ತಕ್ಕಂತೆ ಬೂಸ್ಟ್ (ಟರ್ಬೊ ಹೆಚ್ಚಿಸುವ ಗಾಳಿಯ ಒತ್ತಡ) ಅಳೆದು ಕೊಡುವ ಮ್ಯಾಪ್. ಮೊದಲ ಎರಡು ಗೇರಿನಲ್ಲಿ ಟಾರ್ಕ್ ಕಡಿತ ಮಾಡಿ, ಮೂರರಿಂದ ಪೂರ್ತಿ ಬಿಡಬೇಕು. ಶಕ್ತಿ ಕಡಿಮೆ ಮಾಡಿ ಸಮಯ ಗಳಿಸುವುದು ಎಂದರೆ ಎಷ್ಟೋ ಜನರಿಗೆ ನಂಬಿಕೆ ಬರುವುದಿಲ್ಲ. ಚೀಟಿ ನೋಡಿದ ಮೇಲೆ ಬರುತ್ತದೆ.

ಇನ್ನು ಬಿಸಿಯ ವಿಚಾರ. ಟರ್ಬೊ ಕಾರು ಕಟ್ಟುವುದು ಎಂದರೆ ಬಿಸಿಯನ್ನು ನಿಭಾಯಿಸುವುದು, ಬೇರೇನಲ್ಲ. ಸಮುದ್ರಮಟ್ಟದಲ್ಲಿ 1 ಬಾರ್ ಬೂಸ್ಟ್ ಎಂದರೆ ಗಾಳಿಯ ಒತ್ತಡವನ್ನು ಸುಮಾರು ಎರಡು ಪಟ್ಟು ಮಾಡಿದ ಹಾಗೆ. 30 ಡಿಗ್ರಿಯಲ್ಲಿ ಒಳಗೆ ಹೋದ ಗಾಳಿ, ಟರ್ಬೊ ಶೇ 70ರ ದಕ್ಷತೆಯಲ್ಲಿ ಕೆಲಸ ಮಾಡಿದರೂ, 125 ಡಿಗ್ರಿಯ ಹತ್ತಿರ ಹೊರಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ; ಇಲ್ಲಿನ ಗಾಳಿಯ ಒತ್ತಡ ಅಲ್ಲಿಯದರ ಶೇ 90ರಷ್ಟು ಮಾತ್ರ. ಅಷ್ಟೇ ಗಾಳಿಯನ್ನು ಎಂಜಿನ್ನಿಗೆ ತುಂಬಬೇಕಾದರೆ ಟರ್ಬೊ 2.2 ಪಟ್ಟು ಒತ್ತಬೇಕು. ಆಗ ಬಿಸಿ 140 ಡಿಗ್ರಿ ಮುಟ್ಟುತ್ತದೆ, ಟರ್ಬೊ ಇನ್ನೂ ವೇಗವಾಗಿ ಸುತ್ತುತ್ತದೆ. ಚೆನ್ನೈಯಲ್ಲಿ ಹದ ಮಾಡಿದ ಮ್ಯಾಪ್ ಇಲ್ಲಿ ಅದೇ ರೀತಿ ನಡೆದುಕೊಳ್ಳುವುದಿಲ್ಲ. ಹಾಗಾಗಿ ದೊಡ್ಡ ಟರ್ಬೊಗೆ ಮುಂಚೆ ಈ ಬಿಸಿ ಗಾಳಿಯನ್ನು ತಣಿಸುವ ಒಳ್ಳೆಯ ಇಂಟರ್‌ಕೂಲರಿಗೆ ದುಡ್ಡು ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ.

ಬಿಸಿ ಮಿತಿ ಮೀರಿದರೆ ಸಿಲಿಂಡರಿನೊಳಗೆ ಪೆಟ್ರೋಲು ಒಂದು ಕಡೆಯಿಂದ ಕ್ರಮವಾಗಿ ಉರಿಯುವುದನ್ನು ಬಿಟ್ಟು, ಉಳಿದ ಭಾಗ ತಾನೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಹೊಡೆತ ಬೀಳುವುದು ಪಿಸ್ಟನ್ನಿನ ರಿಂಗುಗಳ ನಡುವಿನ ತೆಳು ಅಂಚಿಗೆ. ಇದನ್ನು ಮುಂಚಿತವಾಗಿ ಹಿಡಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಅದರ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ ಶುರುವಾಗಿದೆ. ನಡುನಡುವೆ ಬೆಳ್ಳಗೆ ಮಿನುಗುವ ಕಣಗಳಿದ್ದರೆ ಅದು ಪಿಸ್ಟನ್ನಿನಿಂದ ಕಿತ್ತು ಬಂದ ಅಲ್ಯೂಮಿನಿಯಂ. ಅಂದಿನ ಓಟ ಅಲ್ಲಿಗೇ ನಿಲ್ಲಿಸಿ. ಈ ಕಾಟ ಹೊಸದೇನಲ್ಲ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಾಗ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುವ ಏರ್ಪಾಡು ಮಾಡಿತ್ತು. ಇಂದಿಗೂ ಅದೇ ಉಪಾಯವನ್ನು ರೇಸಿನವರು ಬಳಸುತ್ತಾರೆ. ಇಂಡಿಯನ್ ಆಯಿಲ್ 2020ರಲ್ಲಿ ತಂದ 100 ಆಕ್ಟೇನ್ ಪೆಟ್ರೋಲು (ಆಕ್ಟೇನ್ ಹೆಚ್ಚಿದಷ್ಟೂ ನಾಕಿಂಗ್ ಕಡಿಮೆ) ದುಬಾರಿ, ನಿಜ. ಆದರೆ ಒಂದು ಪಿಸ್ಟನ್ನಿನ ಕೆಲಸಕ್ಕಿಂತ ಅಗ್ಗ. ಯಾವ ಪೆಟ್ರೋಲಿಗೆ ಮ್ಯಾಪ್ ಮಾಡಿಸಿದ್ದೀರೋ ಅದನ್ನೇ ಹಾಕಿ.

ಗೇರ್‌ಬಾಕ್ಸಿನ ಬಗ್ಗೆ ಒಂದೇ ಮಾತು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರಿನಲ್ಲಿ ಬರುತ್ತಿದ್ದ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಎಂಬ ಸ್ವಯಂಚಾಲಿತ ಪೆಟ್ಟಿಗೆಯ ಟಾರ್ಕ್ ಮಿತಿ 250 ನ್ಯೂಟನ್ ಮೀಟರ್. ಅದಕ್ಕೆ 320 ಕೊಟ್ಟು ಗೆರೆಯಿಂದ ಒಮ್ಮೆಲೇ ಚಿಮ್ಮಿಸುವುದು ಬೇಡ.

ಇಷ್ಟೆಲ್ಲ ಗೊತ್ತಿದ್ದೂ ಜನ ಡೈನೊ ಅಂಕಿಯ ಹಿಂದೆ ಏಕೆ ಬೀಳುತ್ತಾರೆ? ಸಮಯ ಅಳೆಯಲು ಜಾಗವಿಲ್ಲ, ಅದಕ್ಕೆ. ಬೆಂಗಳೂರಿನವರು ಸಮಯದ ಚೀಟಿಗಾಗಿ ಮಹಾರಾಷ್ಟ್ರದ ಲೋಣಾವಳದ ಬಳಿಯ ಆಂಬಿ ವ್ಯಾಲಿಯ ರನ್‌ವೇಯಂಥ ದೂರದ ಜಾಗಕ್ಕೆ ಹೋಗಬೇಕು, ಅದೂ ಅಲ್ಲಿ ಕೂಟ ನಡೆಯುವಾಗ ಮಾತ್ರ. ಡೈನೊ ಊರಲ್ಲೇ ಸಿಗುತ್ತದೆ. ರಾತ್ರಿ ಹೊತ್ತು ಖಾಲಿ ರಸ್ತೆಯೂ ಊರಲ್ಲೇ ಸಿಗುತ್ತದೆ, ಅದೇ ನನ್ನ ದೊಡ್ಡ ಆತಂಕ. 190 ಕಿಲೊಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 53 ಮೀಟರ್ ಹೋಗುತ್ತದೆ. ಒಳ್ಳೆಯ ಬ್ರೇಕು, ಒಣ ನೆಲ, ಎರಡೂ ಇದ್ದರೂ ಅಪಾಯ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು 170 ಮೀಟರಿಗೂ ಹೆಚ್ಚು ಬೇಕು. ನಾಯಿ ಅಡ್ಡ ಬಂದರೆ, ಹಾಲಿನ ವ್ಯಾನು ತಿರುಗಿದರೆ, ಯಾರದೋ ಮನೆಯವರು ರಸ್ತೆ ದಾಟುತ್ತಿದ್ದರೆ ಉಳಿಯುವ ದಾರಿ ಇಲ್ಲ. ರಸ್ತೆಯಲ್ಲಿ ರೇಸ್ ಓಡಿಸುವವರ ಜೊತೆ ನನಗೆ ಯಾವ ಮಾತೂ ಇಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅದನ್ನು ಅಪರಾಧ ಎಂದಿದೆ, ಸರಿಯಾಗಿಯೇ ಹೇಳಿದೆ. ಕಾರನ್ನು ಮಾರ್ಪಡಿಸುವುದಕ್ಕೂ 52ನೇ ಸೆಕ್ಷನ್ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ದೊಡ್ಡ ಕೆಲಸ ಮಾಡಿದ ಕಾರನ್ನು ಟ್ರೇಲರಿನ ಮೇಲೆ ಏರಿಸಿಕೊಂಡು ಹೋಗುವುದೇ ಸರಿ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಹುಡುಗರು ರಸ್ತೆಯಲ್ಲೇ ಸಾಯುತ್ತಿದ್ದರು. ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಎಂಬ ಡ್ರ್ಯಾಗ್ ರೇಸ್ ಸಂಸ್ಥೆ ಕಟ್ಟಿದ್ದು ಆ ಹುಡುಗರನ್ನು ಅಲ್ಲಿಂದ ಎಬ್ಬಿಸಿ ಡ್ರ್ಯಾಗ್ ಪಟ್ಟಿಗೆ ತರಲೆಂದೇ. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಅವರ ಮೊದಲ ಅಧಿಕೃತ ಕೂಟ ನಡೆದಾಗ ಸ್ಥಳೀಯ ಪೊಲೀಸರೇ ಬೆಂಬಲಕ್ಕೆ ನಿಂತಿದ್ದರು. ಇಂದು ಅವರ ನಿಯಮದಂತೆ 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಕಾರಿನ ಚಾಲಕ ಹೆಲ್ಮೆಟ್ ಇಲ್ಲದೆ ಗೆರೆಗೆ ಬರುವಂತಿಲ್ಲ.

ಕರ್ನಾಟಕದಲ್ಲಿ ಇದು ಆಗಲಿ ಎಂದು ನಾನು ಕೇಳುತ್ತೇನೆ. ಒಂದು ರನ್‌ವೇ, ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರರಿಂದ ಹತ್ತರವರೆಗೆ. ಸಮಯ ಅಳೆಯುವ ದೀಪಗಳು, ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಕೊನೆಯಲ್ಲಿ ಕಾರು ನಿಲ್ಲಲು ಸಾಕಷ್ಟು ಜಾಗ. ಯಾರು ಬೇಕಾದರೂ ಶುಲ್ಕ ಕಟ್ಟಿ, ತಪಾಸಣೆ ಮಾಡಿಸಿಕೊಂಡು, ಮನೆಯ ಕಾರನ್ನೇ ಓಡಿಸಿ ಚೀಟಿ ಪಡೆಯುವಂತಿರಬೇಕು. ಕ್ಲಬ್‌ಗಳವರು, ಪೊಲೀಸ್ ಅಧಿಕಾರಿಗಳು, ಸರ್ಕಾರದವರು ಯಾರೇ ಮುಂದೆ ಬಂದರೂ ಕೆಲಸ ಹಂಚಿಕೊಳ್ಳಲು ನಮ್ಮಂಥವರು ಬೇಕಾದಷ್ಟು ಜನ ಇದ್ದೇವೆ. ತಪಾಸಣೆಯ ಸಾಲಿನಲ್ಲಿ ಕೂತು ಪ್ರತಿ ಕಾರಿನ ಚಕ್ರದ ನಟ್ಟು, ಬ್ರೇಕಿನ ಎಣ್ಣೆ, ಪೆಟ್ರೋಲ್ ಪೈಪು ನೋಡುವ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿ.