ಚೀನೀ ವಾಕ್ಯಕ್ಕೆ ಇಂಗ್ಲಿಷಿನ ಸುತ್ತುದಾರಿ ಬೇಡ

ಕೇಳುಗರಿಗೆ ನಮಸ್ಕಾರ. ಚೀನೀ ಭಾಷೆಯ, ಅಂದರೆ ಮ್ಯಾಂಡರಿನ್‌ನ ವಾಕ್ಯರಚನೆ ತಮ್ಮಿಂದಾಗದು ಎಂದು ಕೈಚೆಲ್ಲುವ ಕನ್ನಡಿಗರಿಗೆ ನಾನು ಹೇಳುವುದು ಒಂದೇ ಮಾತು: ಕನ್ನಡದಿಂದ ನೇರವಾಗಿ ಹೋಗಿ, ಇಂಗ್ಲಿಷನ್ನು ನಡುವೆ ತರಬೇಡಿ.

ನನ್ನ ತರಗತಿಯಲ್ಲಿ ಬಹಳ ಚುರುಕಾದ ವಿದ್ಯಾರ್ಥಿನಿಯೊಬ್ಬರಿದ್ದರು. ‘ನಾನು ಗ್ರಂಥಾಲಯದಲ್ಲಿ ಪುಸ್ತಕ ಓದುತ್ತೇನೆ’ ಎಂಬುದನ್ನು ಚೀನೀ ಭಾಷೆಯಲ್ಲಿ ಹೇಳಿರೆಂದರೆ, ಅವರು ಮೊದಲು ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು, ಆ ಇಂಗ್ಲಿಷಿನ ಕ್ರಮದಲ್ಲೇ ಚೀನೀ ಪದಗಳನ್ನು ಜೋಡಿಸಿ, ಗ್ರಂಥಾಲಯವನ್ನು ವಾಕ್ಯದ ಬಾಲಕ್ಕೆ ಕಟ್ಟುತ್ತಿದ್ದರು. ತಿದ್ದಿದರೆ ತಲೆಯಾಡಿಸುವರು, ಮರುದಿನ ಮತ್ತೆ ಅದೇ. ಕೊನೆಗೆ ನಾನು ‘ವೊ ತ್ಸಾಯ್ ಥುಶೂಗ್ವಾನ್ ಖಾನ್ ಶೂ’ ಎಂಬ ಸರಿಯಾದ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಕನ್ನಡವನ್ನು ಮಾತ್ರ ಬರೆಯಿರಿ ಎಂದೆ. ‘ನಾನು, ಗ್ರಂಥಾಲಯದಲ್ಲಿ, ಓದು, ಪುಸ್ತಕ’ ಎಂದು ಬರೆದವರು ಸ್ವಲ್ಪ ಹೊತ್ತು ನೋಡಿ, “ಸರ್, ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಇದು ಕನ್ನಡವೇ ಆಯಿತಲ್ಲ!” ಎಂದರು. ಆಯಿತು, ನಿಜ, ಅದನ್ನೇ ತಾನೇ ನಾನು ಅಷ್ಟು ದಿನದಿಂದ ಹೇಳುತ್ತಿದ್ದದ್ದು!

ಕರ್ಮವು ಕ್ರಿಯಾಪದದ ನಂತರ ಬರುತ್ತದೆಂಬ ಈ ಒಂದು ವ್ಯತ್ಯಾಸವನ್ನು ರೂಢಿಸಿಕೊಂಡರೆ, ಉಳಿದದ್ದು ಬಹುಪಾಲು ನಮ್ಮ ಕ್ರಮವೇ. ಕಾಲವನ್ನೂ ಸ್ಥಳವನ್ನೂ ಕ್ರಿಯಾಪದಕ್ಕೆ ಮೊದಲೇ ಹೇಳಬೇಕು. ‘ನಿನ್ನೆ ಬಂದ ವ್ಯಕ್ತಿ’ ಎನ್ನುವಲ್ಲಿ ವಿಶೇಷಣವೆಲ್ಲ ವ್ಯಕ್ತಿಗಿಂತ ಮುಂದೆಯೇ ನಿಲ್ಲುವಂತೆ ಅಲ್ಲಿಯೂ ‘ತ್ಸ್ವೋಥ್ಯೆನ್ ಲಾಯ್ ದ ರೆನ್’ ಎನ್ನುತ್ತಾರೆ. ಇಂಗ್ಲಿಷ್ ಮಾತೃಭಾಷೆಯವರು ತಿಣುಕಾಡುವ ಈ ರಚನೆ ನಮಗೆ ಹುಟ್ಟಿನಿಂದಲೇ ಬಂದದ್ದು. ‘ಅವನು ನನಗಿಂತ ಎತ್ತರ’ ಎಂಬ ಹೋಲಿಕೆಯ ಕ್ರಮವೂ ಹಾಗೆಯೇ, ‘ಥಾ ಬೀ ವೊ ಗಾವ್’. ‘ಎಲ್ಲಿ’, ‘ಏನು’ ಎಂಬ ಪ್ರಶ್ನೆಪದಗಳನ್ನು ಎತ್ತಿ ವಾಕ್ಯದ ತಲೆಗಿಡುವ ಕಷ್ಟವೂ ಇಲ್ಲ. ಇಷ್ಟೆಲ್ಲ ಕೈಯಲ್ಲಿರುವಾಗ ಇಂಗ್ಲಿಷಿನ ಮೂಲಕ ಏಕೆ ಹೋಗಬೇಕು?

ಸಮಯ ಕಡಿಮೆ ಉಳಿದಿದೆ, ಆದರೂ ಕನ್ನಡವೇ ಕಾಲೆಳೆಯುವ ಜಾಗವೊಂದನ್ನು ಹೇಳಿಬಿಡುತ್ತೇನೆ. ‘ಬೆಕ್ಕು ನಾಯಿಯನ್ನು ಕಚ್ಚಿತು’ ಎಂದರೂ ‘ನಾಯಿಯನ್ನು ಬೆಕ್ಕು ಕಚ್ಚಿತು’ ಎಂದರೂ ವಿಭಕ್ತಿ ಪ್ರತ್ಯಯವು ನಮ್ಮ ಅರ್ಥವನ್ನು ಕಾಯುತ್ತದೆ. ಚೀನೀ ಭಾಷೆಯಲ್ಲಿ ಆ ಪ್ರತ್ಯಯಗಳಿಲ್ಲ; ಬೆಕ್ಕು, ನಾಯಿಗಳ ಸ್ಥಾನ ಬದಲಾದರೆ ಕಚ್ಚಿದ್ದು ಯಾವುದು, ಕಚ್ಚಿಸಿಕೊಂಡದ್ದು ಯಾವುದು ಎಂಬುದೇ ತಿರುಗಿಬಿಡುತ್ತದೆ. ಆದ್ದರಿಂದ ಅಭ್ಯಾಸದ ಮೊದಲ ವಾರಗಳಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮದ ಚಿಕ್ಕ ವಾಕ್ಯಗಳನ್ನೇ ಗಟ್ಟಿಯಾಗಿ ಹೇಳಿಕೊಳ್ಳಿ, ಅದೂ ಕನ್ನಡದಿಂದ ನೇರವಾಗಿ. ನಮಸ್ಕಾರ.